ಉದ್ರಿ ವಹಿ

ಆ ಡಬ್ಬಿ ಮ್ಯಾಲ ಬ್ಯಾಡವಾ, ಅದು ಒಡದೈತಿ.
ಇಲ್ಲಿ ಕೂಡು, ಕಿಡಕಿ ಕಡಿ.
ಕೈಲೆ ಒರಸಬ್ಯಾಡ, ಈಗೇನೂ ಹತ್ತೂದಿಲ್ಲ ಸೀರಿಗೆ.

ಒಂಬತ್ತು ತಿಂಗಳಾತು ಬಂದರಕ್ಕ ಕಲ್ಲಿದ್ದಲದ ಹಡಗ ಬಂದಿಲ್ಲ.
ಮೊದಲ ಮೊದಲ ನಿದ್ದೀನ ಹತ್ತಲಿಲ್ಲ ನನಗ.
ರಾತ್ರಿ ಎರಡರ ವ್ಯಾಗನ್ನು ಗುಡುಗದಿದ್ರ
ಕುಕ್ಕರು ಸೀಟಿ ಹೊಡಿಯೂದು ಮರತಂಗ,
ಒಳಗ ಏನೋ ಹಸಿ ಉಳದಂಗ.

ಓದು ನಿನ್ನ ಫಾರಮಿನಾಗ ಏನೇನ ಐತಿ.
ಲೋಡರು. ಡ್ರೈವರು. ಕ್ಲೀನರು. ಕ್ರೇನಿನವ್ರು.
ಕಂತ್ರಾಟದ ಪಾಸ್ ಇದ್ದವ್ರು.
ಮತ್ತ?
'ಇತರೆ' ಅಂದ್ರ ಅದು ನಾನೇನು?

ಹಂಗಾದ್ರ ಬರಕೋ.
ಗುರಲಿಂಗವ್ವ. ಇಂಡಿ ತಾಲೂಕ, ಅದು ಬಿಡು,
ಬಾಯಣಾದಾಗ ಇಪ್ಪತ್ತಾರು ವರ್ಷ.
ಮೊದಲ ಉಸುಕಿನ ದಂಡಿಗೆ ಇದ್ವಿ, ಎಬ್ಬಿಸಿದ್ರು,
ಆವಾಗೂ ಫಾರಮ ತುಂಬಿಸ್ಕೊಂಡಿದ್ರು.
ಕೆಲಸ: ರೊಟ್ಟಿ.
ದಿನಕ್ಕ ಇನ್ನೂರ ನಲವತ್ತು, ನಾನೂ ನೆಗೆಣ್ಣಿನೂ ಕೂಡಿ.
ಬಡದ ಬಡದ ಬೆರಳಿನ ಗೆರಿ ಸವದು
ಆಧಾರದ ಮಷಿನ್ನು ನನ್ನ ಒಪ್ಪಂಗಿಲ್ಲ.
ಈಗ ಮೂವತ್ತು. ಅದ್ರಾಗ ಎಂಟು ನಮ್ಮವ.

ಇದು ಉದ್ರಿ ವಹಿ. ಎಣ್ಣಿ ಕಲಿ ಐತಿ, ಹುಷಾರ.
ಯಮನೂರಿ, ಟಿಪ್ಪರಿನವ, ಸಾವಿರದ ನಾಕನೂರು.
ತೋರಣಗಲ್ಲಿಗೆ ಹೋದ ಅಂತಾರ,
ಅಲ್ಲಿ ಇನ್ನೂ ಭಟ್ಟಿ ಉರೀತೈತಂತ.
ದಾವಲಸಾಬ, ಆರನೂರಾ ಹತ್ತು.
ಹೋಗೂ ಮುಂಜಾನೆ ಬಂದು ಅರ್ಧಾ ಕೊಟ್ಟ,
ಉಳದದ್ದಕ್ಕ ಲಾರಿ ಟಾರ್ಪಾಲಿ ಬಿಚ್ಚಿ ಕೊಟ್ಟ.
ಮ್ಯಾಲ ನೋಡು, ಅದ ಅದು.
ಮೂರು ಸಲ ತೊಳದೇನಿ,
ಮಳಿ ಬಂದ್ರ ಇನ್ನೂ ಕರೀ ನೀರ ಸೋರ್ತೈತಿ.

ಇಲ್ಲಿಂದ ಕೆಳಗ ಒಡಿಶಾದ ಹುಡುಗ್ರು, ಹನ್ನೊಂದು ಮಂದಿ.
ಅವರ ಹೆಸರ ನನ್ನ ನಾಲಿಗಿಗೆ ಕೂಡ್ರಲಿಲ್ಲ,
ಅದಕ್ಕ ಒಬ್ಬೊಬ್ಬಗ ಒಂದೊಂದು ಗುರುತು ತಗದೇನಿ.
ಛತ್ರಿ. ಚುಕ್ಕಿ. ಮೀನು. ಎರಡು ಮೀನು.
ಎರಡು ಮೀನು ಬಾಳ ಉಣ್ಣಾಂವ,
ಮೀಸಿ ಸೈತ ನೆಟ್ಟಗ ಮೂಡಿರಲಿಲ್ಲ.

ತಪ್ಪ ತಿಳಕೋಬ್ಯಾಡ.
ಮತ್ತ ಬರಲಿ ಆ ಧೂಳು ಅಂತ ನಾ ಹೇಳಾಕತ್ತಿಲ್ಲ.
ಆ ನೀಲಿ ಬಾಗಲದ ಎಸ್ಪೆರಾನ್ಸಾ ಬಾಯಿ
ಕಲ್ಲಿದ್ದಲ ಬ್ಯಾಡಂತ ಬೋರ್ಡ್ ಹಿಡದು ಗೇಟಿಗೆ ನಿಂತಾಗ
ನಾ ಒಳಗ ಹಿಟ್ಟ ನಾದತಿದ್ದೆ, ಲಾರಿಯವ್ರಿಗೆ.
ಏಳು ವರ್ಷ ಮಾತಿಲ್ಲ ಇಬ್ಬರಿಗೂ.
ಮೊನ್ನೆ ಬಿಳೀ ಚಾದರ ಹೊರಗ ಒಣಾ ಹಾಕಿದ್ಲು,
ಸಂಜಿಗೆ ತಗಿಯೂವಾಗ ಮಾರಿಗೆ ಒತಗೊಂಡು
ಹಂಗ ನಿಂತಿದ್ಲು, ಬಾಳ ಹೊತ್ತು.
ನಾ ನೋಡಿದೆ. ನಾ ನೋಡಿದ್ದು ಆಕಿ ನೋಡಿದ್ಲು.
ನಿನ್ನ ಗಂಡನ ಕೆಮ್ಮ ಹೆಂಗೈತಿ, ಅಂದ್ಲು.
ಕಡಿಮಿ ಆಗೇತಿ, ಅಂದೆ. ಅಷ್ಟ.

ಅಗೋ ಅಂವಾ, ಪಾವಟಗಿ ಮ್ಯಾಲ ಕುಂತಾನಲ್ಲ.
ಹತ್ತೊಂಬತ್ತು ವರ್ಷ ವ್ಯಾಗನ್ ತುಂಬಿದಾಂವ.
ಮುಂಜಾನೆ ವಸ್ತ್ರದಾಗ ಉಗುಳಿ, ಬಿಚ್ಚಿ ಬಣ್ಣ ನೋಡ್ತಾನ.
ಮೊದಲ ಕಾಡಿಗಿಯಂಗಿತ್ತು, ಈಗ ಬೂದಿಗೆ ಬಂದೈತಿ.
'ಇನ್ನೊಂದ ವರ್ಷಕ್ಕ ಬೆಳ್ಳಗ ಆದೀತ ನೋಡ,
ಆಮ್ಯಾಲ ಯಾರಿಗೆ ಬೇಕ ಈ ಎದಿ?'
ಅಂತ ನಗ್ತಾನ. ನಗೂವಾಗ ಮತ್ತ ಕೆಮ್ಮ.

ರೊಕ್ಕಾ ಬರ್ತೈತೋ ಇಲ್ಲೋ, ಅದು ನಿನ್ನ ಕೈಯಾಗಿಲ್ಲ.
ಗೊತ್ತೈತಿ. ಚಾ ಆರೇತಿ, ಕುಡಿ.
ನನ್ನ ಎಲ್ಲಿ ಬೇಕಾದಲ್ಲಿ ಬರಿ, ಇತರೆಯಾಗ ಬರಿ.
ಆ ಹುಡುಗ್ರನ್ನ ಮಾತ್ರ ಬಿಡಬ್ಯಾಡ.
ಗುರುತು ನಿನ್ನ ಮೊಬೈಲದಾಗ ಬರಲಿಲ್ಲಂದ್ರ
ಕಾಗದದ ಮಗ್ಗಲಕ ಕೈಲೆ ತಗಿ, ಜಾಗಾ ಐತಿ.

ಹಂಗಲ್ಲ. ಎರಡು ಮೀನು ಅಂದ್ರ
ಒಂದರ ಮಾರಿ ಈ ಕಡಿ,
ಒಂದರದು ಸಮುದ್ರದ ಕಡಿ.
ನಾ ಹಂಗ ತಗೀತಿದ್ದೆ.